ಹರಿತಾಳಿಗೆ ಸ್ಕೂಲು ನೋಡಿದ್ದು

ಚನ್ನಕೇಶವನ ಮನೆತನದಲ್ಲಿ ಯಾವ ಕೆಲಸವನ್ನೂ ಯಾರೂ ಒಬ್ಬರೇ ಹೋಗಿ ಮಾಡಿದ್ದಿಲ್ಲ. ಅಂಬಾಜಿದುರ್ಗದ ತಪ್ಪಲಿನ ಅವರ ಹಳ್ಳಿಯಲ್ಲಿ ಸೀಮೆಹಸು ಕೊಳ್ಳುವುದಿರಲಿ, ಬೋರ್‌ವೆಲ್ಲಿಗೆ ಜಾಗ ಗುರುತಿಸುವುದಿರಲಿ, ಹೆಣ್ಣು ನೋಡುವುದಿರಲಿ, ಮೊದಲು ಹಿರಿಯರನ್ನು ಕೂಡಿಸಬೇಕು, ಗಾಡಿ ಮಾಡಬೇಕು, ರಾಹುಕಾಲ ತಪ್ಪಿಸಿ ಹೊರಡಬೇಕು. ಅಷ್ಟೆಲ್ಲ ಮಾಡಿ ತಂದ ಹಸು ಒದ್ದರೆ ಅದು ಹಸುವಿನ ಹಣೆಬರಹ, ಹಿರಿಯರನ್ನು ದೂರುವಂತಿಲ್ಲ. ಈ ಏರ್ಪಾಡಿನ ದೊಡ್ಡ ಅನುಕೂಲವೇ ಅದು.

ಅಂಥ ಮನೆತನದ ಚನ್ನಕೇಶವನಿಗೆ ಏಪ್ರಿಲ್‌ನಲ್ಲಿ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಸರ್ಕಾರಿ ಕಚೇರಿಯ ಗುಮಾಸ್ತ, ಹೆಂಡತಿ ತನುಜ, ತಾಯಿ ರಾಮಲಕ್ಷ್ಮಮ್ಮ, ಎಂಟನೇ ಕ್ಲಾಸು ಪಾಸಾದ ಮಗಳು ಹರಿತಾ, ಇಷ್ಟೇ ಸಂಸಾರ. ಬಸ್‌ಸ್ಟ್ಯಾಂಡಿನ ಹಿಂದೆ ಶ್ಯಾಮಲಮ್ಮ ಎಂಬುವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಸಾಮಾನು ಇಳಿಸಿದ್ದಾಯಿತು. ಹರಿತಾಳನ್ನು ಒಂಬತ್ತನೇ ಕ್ಲಾಸಿಗೆ ಎಲ್ಲಾದರೂ ಸೇರಿಸುವುದೊಂದೇ ಬಾಕಿ. ಸ್ಕೂಲು ಮನೆಯಿಂದ ಕೂಗಳತೆಯಲ್ಲಿತ್ತು, ಸರ್ಕಾರಿ ಹೈಸ್ಕೂಲು. ತನುಜ ಅದನ್ನು ಮೊದಲ ದಿನವೇ ಕಿಟಕಿಯಿಂದ ತೋರಿಸಿದ್ದಳು. ಚನ್ನಕೇಶವ ಆ ಕಿಟಕಿಗೆ ಪರದೆ ಹಾಕಿಸಿದ.

ಹೊಸ ಆಫೀಸಿನಲ್ಲಿ ಮೊದಲ ದಿನ ಪಕ್ಕದ ಮೇಜಿನ ಮುನೇಶ್ ಟೀ ಕುಡಿಯುತ್ತಾ ಕೇಳಿದ:

"ಮಗಳನ್ನ ಎಲ್ಲಿಗೆ ಹಾಕ್ತೀರಾ ಸಾರ್? ನಮ್ಮೋನು ಸ್ವಿಮ್ಮಿಂಗ್ ಪೂಲ್ ಇರೋ ಸ್ಕೂಲಲ್ಲಿದಾನೆ."

ಚನ್ನಕೇಶವ ಬರುವಾಗ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ನೋಡಿದ್ದ. ಟೈ ಕಟ್ಟಿದ ಹುಡುಗಿಯೊಬ್ಬಳು ಬಿಳಿ ಕುದುರೆಯ ಮೇಲೆ ಕೂತಿದ್ದಳು. ಬಾಯಿ ಅದರಷ್ಟಕ್ಕೆ ಅದೇ ಹೇಳಿಬಿಟ್ಟಿತು:

"ಮಂಡಿಕಲ್ ರೋಡಲ್ಲಿ ಕುದುರೆ ಸ್ಕೂಲಿದೆಯಲ್ಲ, ಅಲ್ಲಾಗಿದೆ."

ಮುನೇಶ್ ಟೀ ಲೋಟ ಕೆಳಗಿಟ್ಟ. ಚನ್ನಕೇಶವನ ಸರ್ವೀಸಿನಲ್ಲೇ ಅವನ ಮಾತಿಗೆ ಅಷ್ಟು ಗೌರವ ಸಿಕ್ಕಿರಲಿಲ್ಲ. ಅದೇ ಖುಷಿಯಲ್ಲಿ ಶನಿವಾರ ಚಿಂತಾಮಣಿಗೆ ಹೋಗಿ ಹಳೆಯ ಸ್ಕೂಲಿನಲ್ಲಿ ಟಿಸಿ ಕೇಳಿದ. ಹೆಡ್‌ಮಿಸ್ಟ್ರೆಸ್ಸು, "ಅಲ್ಲಿ ಸೀಟು ಖಚಿತ ಆದ್ಮೇಲೆ ತಗೊಳ್ಳಿ, ಅವಸರ ಏನು?" ಎಂದರು. "ಆಗಿಬಿಟ್ಟಿದೆ ಮೇಡಂ" ಎಂದ. ಎರಡು ಊರಿನಲ್ಲಿ ಹೇಳಿದ ಮೇಲೆ ಅವನಿಗೂ ಅದು ನಿಜವೆಂದೇ ಅನ್ನಿಸತೊಡಗಿತು.

ಇನ್ನು ಸ್ಕೂಲು ನೋಡಬೇಕು. ನೋಡಬೇಕೆಂದರೆ ಹಿರಿಯರು ಬೇಕು. ಊರಿನಿಂದ ದೊಡ್ಡಪ್ಪ ಪಿಳ್ಳಪ್ಪ ಬಂದರು. ಎಪ್ಪತ್ತು ದಾಟಿದ ಪಿಳ್ಳಪ್ಪನವರು ಸುತ್ತಲ ಹಳ್ಳಿಗಳ ಅರ್ಧದಷ್ಟು ಮದುವೆಗಳ ಮಾತುಕತೆಯಲ್ಲಿ ಕೂತವರು. ಬೇರೆ ಕೆಲಸ ಗೊತ್ತಿಲ್ಲ, ಆದರೆ ಆ ಕೆಲಸ ಚೆನ್ನಾಗಿ ಗೊತ್ತು.

"ಸ್ಕೂಲೇನು, ಸಂಬಂಧವೇನು, ಎರಡೂ ಒಂದೇ ಕಣೋ ಕೇಶವ" ಎಂದು ಶಾಲು ಕೊಡವಿದರು. "ಹೆಣ್ಣುಮಗೂನ ಒಬ್ಬರ ಕೈಗೆ ಒಪ್ಪಿಸ್ತಿದ್ದೀವಿ. ಮನೆತನ ನೋಡ್ಬೇಕು. ಗುಟ್ಟಾಗಿ ವಿಚಾರಿಸ್ಬೇಕು. ಕೂಡಿ ಬರೋಗಂಟ ಯಾರ ಬಾಯಿಗೂ ಬೀಳಬಾರದು, ದೃಷ್ಟಿ ತಾಕ್ತದೆ."

"ಸುಮ್ನೆ ಹೋಗಿ ಸೇರಿಸಿ ಬಂದ್ರೆ ಆಗಲ್ವೇನ್ರೀ?" ಎಂದು ತನುಜ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು. ಸಂಬಂಧ ನೋಡುವಲ್ಲಿ ಹೆಂಗಸರು ಮಧ್ಯೆ ಬಾಯಿ ಹಾಕುವುದು ಶುಭವಲ್ಲವಾದ್ದರಿಂದ ಪಿಳ್ಳಪ್ಪನವರು ಪಂಚಾಂಗ ತೆರೆದರು.

ಗುರುವಾರ ಬೆಳಿಗ್ಗೆ ಬಾಡಿಗೆ ಕಾರು ಬಂದು ನಿಂತಿತು. ರಾಮಲಕ್ಷ್ಮಮ್ಮ ಮೊಮ್ಮಗಳಿಗೆ ರೇಷ್ಮೆ ಲಂಗ ಉಡಿಸಿ, ತಲೆತುಂಬ ಕನಕಾಂಬರ ಮುಡಿಸಿದ್ದರು. ಹರಿತಾ "ಸ್ಕೂಲಿಗೆ ಯಾರಜ್ಜಿ ಹಿಂಗ್ ಹೋಗ್ತಾರೆ?" ಎಂದು ಕೇಳಿ ಬೈಸಿಕೊಂಡಿದ್ದಳು. ಬಾಳೆಹಣ್ಣು, ತೆಂಗಿನಕಾಯಿ, ಹೂವಿನ ತಟ್ಟೆ ಕಾರಿಗೇರಿದವು. ಊರಿನಿಂದ ಬಂದ ಇನ್ನಿಬ್ಬರು ಪೇಟದವರೂ ಏರಿದರು. ಕೆಳಗಿನ ಮನೆಯ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಶ್ಯಾಮಲಮ್ಮ ಎಲ್ಲವನ್ನೂ ನೋಡಿದರು.

"ಎಲ್ಲಿಗೆ ಹೊರಟಿದ್ದೀರಮ್ಮ, ಇಷ್ಟು ಜನ?"

"ಒಂದು ಶುಭಕಾರ್ಯ. ಕೂಡಿ ಬಂದ್ರೆ ಹೇಳ್ತೀವಮ್ಮ" ಎಂದು ರಾಮಲಕ್ಷ್ಮಮ್ಮ ಸೆರಗು ಹೊದ್ದು ಕಾರಿನೊಳಗೆ ಸೇರಿಕೊಂಡರು.

ಶ್ಯಾಮಲಮ್ಮ ಬಿಡಿಸುವುದನ್ನು ನಿಲ್ಲಿಸಿ, ಕಾರಿನ ಕಿಟಕಿಯಲ್ಲಿ ಕಂಡ ಕನಕಾಂಬರವನ್ನೇ ನೋಡುತ್ತಾ ಕೂತರು.

ಕುದುರೆ ಸ್ಕೂಲಿನ ಗೇಟಿಗೆ ಹೋಗುವ ಮೊದಲು ಪಿಳ್ಳಪ್ಪನವರು ಎದುರಿನ ಟೀ ಅಂಗಡಿಯಲ್ಲಿ ಕಾರು ನಿಲ್ಲಿಸಿ ವಿಚಾರಣೆ ನಡೆಸಿದರು. ಪ್ರಿನ್ಸಿಪಾಲರು ಯಾವ ಕಡೆಯವರು, ಕುಡಿತ ಉಂಟೇ, ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಉಂಟೇ, ಕುದುರೆ ಸ್ವಂತದ್ದೋ ಬಾಡಿಗೆಯದೋ. ಟೀ ಅಂಗಡಿಯವನಿಗೆ ಕುದುರೆಯ ವಿಷಯ ಮಾತ್ರ ಗೊತ್ತಿತ್ತು. ಅದಕ್ಕೆ ವಯಸ್ಸಾಗಿದೆ, ಫೋಟೋಗೆ ಮಾತ್ರ ಎದ್ದು ನಿಲ್ಲುತ್ತದೆ ಎಂದ.

ಒಳಗೆ ಎಲ್ಲವೂ ಸರಾಗವಾಗಿ ನಡೆಯಿತು. ಪ್ರಿನ್ಸಿಪಾಲರು ಹೂವಿನ ತಟ್ಟೆ ಕಂಡು ಗಾಬರಿಯಾದರೂ ಸಾವರಿಸಿಕೊಂಡು ಹರಿತಾಳನ್ನು ಕೂರಿಸಿ ಲೆಕ್ಕ ಕೊಟ್ಟರು. ಅವಳು ಬೇಗ ಬೇಗ ಮಾಡಿ ಮುಗಿಸಿ, ಕೊನೆಯದೊಂದನ್ನು ಎರಡು ರೀತಿಯಲ್ಲಿ ಬಿಡಿಸಿ ತೋರಿಸಿದಳು. ಹುಡುಗಿಗೆ ಲೆಕ್ಕವೆಂದರೆ ಪ್ರಾಣ. ಬೇಸಿಗೆ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಪುಸ್ತಕವನ್ನು ಯಾರಿಂದಲೋ ತರಿಸಿಕೊಂಡು ಅರ್ಧ ಮುಗಿಸಿದ್ದಳು. ಪ್ರಿನ್ಸಿಪಾಲರ ಮುಖ ಅರಳಿತು.

"ಬಹಳ ಚೂಟಿ ಇದ್ದಾಳೆ. ಒಂದೇ ಸೀಟು ಉಳಿದಿದೆ ಸಾರ್. ಇವತ್ತೇ ಸೇರಿಸಿಬಿಡಿ."

ಪಿ.ಎಫ್.ನಿಂದ ತೆಗೆಸಿದ ಫೀಜು ಚನ್ನಕೇಶವನ ಜೇಬಿನಲ್ಲೇ ಇತ್ತು. ಕೈ ಅತ್ತ ಹೋಯಿತು. ಪಿಳ್ಳಪ್ಪನವರು ಮೊಣಕೈಯಿಂದ ತಿವಿದರು.

ಅಷ್ಟರಲ್ಲಿ ಆಯಾ ಟ್ರೇಯಲ್ಲಿ ಕಾಫಿ, ಬಿಸ್ಕತ್ತು ತಂದಳು. ದೊಡ್ಡವರು ಐದೂ ಜನ ಕೈ ಹಿಂದಕ್ಕೆ ಎಳೆದುಕೊಂಡರು. ಹೆಣ್ಣೋ ಗಂಡೋ ನೋಡಲು ಹೋದ ಮನೆಯಲ್ಲಿ ಮಾತು ಮುಗಿಯುವ ತನಕ ಬಾಯಿಗೇನೂ ಹಾಕಬಾರದು, ಹಾಕಿದರೆ ಒಪ್ಪಿದಂತೆ. ಇದು ಪ್ರಿನ್ಸಿಪಾಲರಿಗೆ ಗೊತ್ತಿರಲಿಲ್ಲ. ಬಿ.ಎಡ್.ನಲ್ಲಿ ಹೇಳಿಕೊಡುವುದಿಲ್ಲ.

"ಹುಡುಗೀನ ನೋಡಿದ್ರಲ್ಲ" ಎಂದು ಪಿಳ್ಳಪ್ಪನವರು ಎದ್ದರು. "ನಾವು ಊರಿಗೆ ಹೋಗಿ ಹೇಳಿ ಕಳಿಸ್ತೀವಿ."

"ಸೀಟು ನಿಲ್ಲಲ್ಲ ಯಜಮಾನ್ರೇ."

"ಋಣ ಇದ್ರೆ ಎಲ್ಲಿಗೆ ಹೋಗ್ತದೆ?"

ಕಾರಿನಲ್ಲಿ ಹರಿತಾ ಅಪ್ಪನ ಭುಜ ಹಿಡಿದು ಅಲ್ಲಾಡಿಸಿದಳು. "ಅಪ್ಪಾ, ಒಂದೇ ಸೀಟು ಅಂದ್ರಲ್ಲ. ವಾಪಸ್ ಹೋಗಣ ಅಪ್ಪಾ."

"ಏಯ್, ಹುಡುಗಿ ಕಡೆಯೋರು ಬಿಗುಮಾನ ಬಿಡಬಾರದು" ಎಂದರು ಪಿಳ್ಳಪ್ಪನವರು. "ನಮ್ಮ ಕೂಸು ಅವರಿಗೆ ಹಿಡಿಸಿದೆ. ಈಗ ಕೇಳ್ಕೊಂಡು ಬರೋದು ಅವರ ಕೆಲಸ. ನೋಡ್ತಿರು, ನಾಳೆ ನಾಡಿದ್ದರಲ್ಲಿ ಬರ್ತಾರೆ."

ಚನ್ನಕೇಶವನಿಗೆ ಒಳಗೊಳಗೆ ಅಳುಕಿತ್ತು. ಆದರೆ ದೊಡ್ಡಪ್ಪನ ಮಾತು ಕೇಳಿದರೆ ತಪ್ಪು ಯಾವುದಾದರೂ ದೊಡ್ಡಪ್ಪನದೇ ಆಗುತ್ತದೆ. ಅವನು ಜೇಬಿನಿಂದ ಕೈ ತೆಗೆದ. ಹರಿತಾ ಮುಡಿಯಲ್ಲಿದ್ದ ಹೂವು ಕಿತ್ತು ಕಿಟಕಿಯಾಚೆ ಎಸೆದಳು.

ಮನೆಯಲ್ಲಿ ದಿನಾ ತಿಂಡಿ ಕಾಫಿ ಸಿದ್ಧವಿಟ್ಟುಕೊಂಡು ಸ್ಕೂಲಿನವರಿಗಾಗಿ ಕಾದರು. ಪಿಳ್ಳಪ್ಪನವರು ಮಡಿ ಪಂಚೆ ಉಟ್ಟು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಯಾವ ಸ್ಕೂಲಿನವರೂ ಬರಲಿಲ್ಲ. ಜೂನ್ ಬಂತು. ಬೀದಿಯ ಮಕ್ಕಳೆಲ್ಲ ಬ್ಯಾಗು ಹೊತ್ತು ಹೊರಟರು. ಹರಿತಾ ಚಿಂತಾಮಣಿಯ ಗೆಳತಿ ರೂಪ ಫೋನಿನಲ್ಲಿ ಕಳಿಸಿದ ಪಾಠದ ಫೋಟೋಗಳನ್ನು ನೋಡಿ ಬರೆದುಕೊಳ್ಳುತ್ತಾ ಮಹಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಆಫೀಸಿನಲ್ಲಿ ಮುನೇಶ್ "ಕುದುರೆ ಹೆಂಗಿದೆ ಸಾರ್?" ಎಂದು ವಿಚಾರಿಸುತ್ತಿದ್ದ. "ಸ್ವಲ್ಪ ನೆಗಡಿ" ಎಂದು ಚನ್ನಕೇಶವ ಫೈಲಿಗೆ ತಲೆ ತೂರಿಸುತ್ತಿದ್ದ.

ಶ್ಯಾಮಲಮ್ಮ ಒಂದು ಮಧ್ಯಾಹ್ನ ಮೆಟ್ಟಿಲ ಬಳಿ ನಿಂತು ಕೇಳಿದರು. "ಸ್ಕೂಲಿಗೆ ಹೋಗಲ್ವೇನೇ ಹರಿತಮ್ಮ?"

"ಟಿಸಿ ತಗೊಂಡುಬಿಟ್ಟಿದ್ದಾರೆ ಆಂಟಿ. ಅವರು ಬಂದು ಕೇಳೋಗಂಟ ಕಾಯ್ಬೇಕಂತೆ."

"ಯಾರು ಬಂದು ಕೇಳೋಗಂಟ?"

ಮೇಲಿನಿಂದ ರಾಮಲಕ್ಷ್ಮಮ್ಮ ಕೂಗಿದರು. "ಹರಿತಾ! ಒಳಗ್ ಬಾ. ಹೊರಗಿನೋರ ಹತ್ರ ಮನೆ ವಿಷಯ ಏನೇ?"

ಶ್ಯಾಮಲಮ್ಮನವರನ್ನು ಹದಿಮೂರನೇ ವಯಸ್ಸಿಗೆ ಮದುವೆ ಮಾಡಿಕೊಟ್ಟಿದ್ದರು. ಅವರನ್ನೂ ಅಂದು ರೇಷ್ಮೆ ಲಂಗ ಉಡಿಸಿ ಗಾಡಿ ಹತ್ತಿಸಿದ್ದರು. ಅವರೂ ಅದೇ ರೀತಿ ಮೆಟ್ಟಿಲ ಮೇಲೆ ಕೂತು ಕಾದಿದ್ದರು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು.

ಮರುದಿನ ಸರ್ಕಾರಿ ಜೀಪು ಬಂತು. ಮಕ್ಕಳ ರಕ್ಷಣೆಯ ಅಧಿಕಾರಿ ಕವಿತ ಮೇಡಂ, ಜೊತೆಗೆ ಒಬ್ಬರು ಮಹಿಳಾ ಪೊಲೀಸ್ ಪೇದೆ. ಬಾಗಿಲಿಗೆ ಮುಖ ಮಾಡಿ ಕೂತಿದ್ದ ಪಿಳ್ಳಪ್ಪನವರು ಜೀಪಿನಿಂದ ಇಳಿದವರನ್ನು ಕಂಡು ಎದ್ದು ನಿಂತರು. "ಬಂದ್ರು! ನಾನ್ ಹೇಳಿಲ್ವಾ? ತನುಜಾ, ಕಾಫಿ!"

ಕಾಫಿ ಬರುವಷ್ಟರಲ್ಲಿ ವಿಷಯ ತಿಳಿಯಿತು: ಇಲ್ಲಿ ಬಾಲ್ಯವಿವಾಹದ ಏರ್ಪಾಡು ನಡೆದಿದೆಯೆಂದು ದೂರು ಹೋಗಿತ್ತು. ಚನ್ನಕೇಶವ ಕುರ್ಚಿಯಿಂದ ಎದ್ದುಬಿಟ್ಟ.

"ಮದುವೇನಾ? ಸ್ಕೂಲು ಮೇಡಂ! ಸ್ಕೂಲು ನೋಡೋಕೆ ಹೋಗಿದ್ವಿ!"

"ಸ್ಕೂಲು ನೋಡೋಕೆ ಕಾರ್ ತುಂಬ ಜನ ಯಾಕೆ?"

"ಹಿರಿಯರು ಮೇಡಂ."

"ಹೂವಿನ ತಟ್ಟೆ?"

"ಬರಿಗೈಯಲ್ಲಿ ಹೋಗಬಾರದು ಅಂತ."

"ಸೀಟು ಕೊಟ್ರಾ ಅವರು?"

"ಕೊಟ್ರು."

"ಮತ್ತೆ ಯಾಕೆ ಸೇರಿಸ್ಲಿಲ್ಲ?"

ಚನ್ನಕೇಶವ ದೊಡ್ಡಪ್ಪನ ಮುಖ ನೋಡಿದ. ಪಿಳ್ಳಪ್ಪನವರು ಸೂರು ನೋಡಿದರು. ಮಗಳು ಒಳಗಿನಿಂದ ಬಂದು "ನಿಜ ಮೇಡಂ, ಸ್ಕೂಲಿಗೇ ಹೋಗಿದ್ದು. ಲೆಕ್ಕ ಕೊಟ್ರು, ಮಾಡ್ದೆ" ಎಂದಾಗ ಕವಿತ ಮೇಡಂ ಅವಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಒಂದು ಮುಚ್ಚಳಿಕೆ ಬರೆಸಿಕೊಂಡರು: ಒಂದು ವಾರದಲ್ಲಿ ಹುಡುಗಿಯನ್ನು ಸ್ಕೂಲಿಗೆ ಸೇರಿಸುತ್ತೇವೆ, ಮದುವೆಯ ಮಾತು ಎತ್ತುವುದಿಲ್ಲ. ಹೋಗುವಾಗ ತಮ್ಮ ನಂಬರನ್ನು ಹರಿತಾಳ ಲೆಕ್ಕದ ಪುಸ್ತಕದ ಹಿಂದೆ ಬರೆದು ಕೊಟ್ಟರು. ಬೀದಿಯವರೆಲ್ಲ ತಂತಮ್ಮ ಕಾಂಪೌಂಡಿನ ಮೇಲೆ ಕೈಯೂರಿ ನಿಂತಿದ್ದರು.

ಚನ್ನಕೇಶವ ರಜೆ ಹಾಕಿ ಕುದುರೆ ಸ್ಕೂಲಿಗೆ ಓಡಿದ. ಈ ಸಲ ಒಬ್ಬನೇ. ಸೀಟು ಹೋಗಿತ್ತು. "ಅಲ್ಲದೆ ಸಾರ್," ಎಂದು ಪ್ರಿನ್ಸಿಪಾಲರು ಕನ್ನಡಕ ಒರೆಸಿದರು, "ಪೊಲೀಸ್ ಬಂದಿದ್ರಂತೆ. ನಮ್ಮ ಪೇರೆಂಟ್ಸ್ ಗ್ರೂಪಲ್ಲಿ ಬೆಳಗಿಂದ ಅದೇ. ಬೇಜಾರ್ ಮಾಡ್ಕೋಬೇಡಿ." ಈಜುಕೊಳದ ಸ್ಕೂಲಿನಲ್ಲಿ ಗೇಟೇ ತೆಗೆಯಲಿಲ್ಲ. ಶಿಡ್ಲಘಟ್ಟ ರಸ್ತೆಯ ಇನ್ನೊಂದರಲ್ಲಿ ಆಫೀಸಿನ ಹುಡುಗಿ ಹೆಸರು ಕೇಳಿದ ಕೂಡಲೇ ಒಳಗೆ ಹೋಗಿ ಯಾರನ್ನೋ ಕರೆದು ತಂದು ಅವನನ್ನು ತೋರಿಸಿದಳು. ಕುದುರೆ ನೋಡುವ ಹಾಗೆ ನೋಡಿದರು.

"ಗೌರ್ಮೆಂಟ್ ಹೈಸ್ಕೂಲಿಗೆ ಹೋಗ್ತೀನಿ ಅಪ್ಪಾ" ಎಂದಳು ಹರಿತಾ, ಅವನು ಬಂದು ಚಪ್ಪಲಿ ಬಿಡುವ ಮೊದಲೇ. "ಅಲ್ಲಿ ಲೆಕ್ಕದ ಮೇಷ್ಟ್ರು ಚೆನ್ನಾಗಿದ್ದಾರಂತೆ. ಈಗ್ಲೇ ಎರಡು ಚಾಪ್ಟರ್ ಹೋಗಿದೆ. ನನಗೆ ಕುದುರೆ ಬೇಡ."

"ಆಫೀಸಲ್ಲಿ ಏನಂತ ಹೇಳ್ಲೇ ನಾನು?"

"ನನ್ನ ಮಗಳು ಸ್ಕೂಲಿಗೆ ಹೋಗ್ತಾಳೆ ಅಂತ ಹೇಳಿ."

ಎಂಥ ಸರಳವಾದ ಉತ್ತರ! ಚನ್ನಕೇಶವನಿಗೆ ಅದು ಹೊಳೆದಿರಲೂ ಇಲ್ಲ, ಕೇಳಿದ ಮೇಲೆ ಹಿಡಿಸಲೂ ಇಲ್ಲ. ಇನ್ನೆರಡು ದಿನ ನೋಡೋಣ ಎಂದ. ತನುಜ ಅವನ ಎದುರಿಗಿದ್ದ ತಟ್ಟೆಯನ್ನು ಎತ್ತಿಕೊಂಡು ಹೋದಳು. ಅವನು ಇನ್ನೂ ಊಟ ಮಾಡಿರಲಿಲ್ಲ.

ಆದರೆ ಈ ಜಿಲ್ಲೆಯಲ್ಲಿ ಸುದ್ದಿಗೆ ಬಸ್ಸು ಬೇಕಾಗಿಲ್ಲ. ಚಿಕ್ಕಬಳ್ಳಾಪುರದ ಜೀಪಿನ ಸುದ್ದಿ ಗೌರಿಬಿದನೂರಿಗೆ ಮುಟ್ಟುವಷ್ಟರಲ್ಲಿ ಅದರ ಕಾಲು ಕೈ ಉದುರಿ ಒಂದೇ ಸಾಲು ಉಳಿದಿತ್ತು: ಚನ್ನಕೇಶವ ಮಗಳಿಗೆ ಗಂಡು ನೋಡುತ್ತಿದ್ದಾನೆ. ಭಾನುವಾರ ಬೆಳಿಗ್ಗೆ ಮಹಡಿಯ ಬಾಗಿಲು ತಟ್ಟಿದ ಸದ್ದಾಯಿತು. ಬಿಳಿ ಪಂಚೆ, ಚಿನ್ನದ ಉಂಗುರದ, ಗೌರಿಬಿದನೂರಿನ ಮೋಹನ್‌ಬಾಬು ಎಂಬ ದೊಡ್ಡ ಮನುಷ್ಯರು ಕೈ ಮುಗಿದು ನಿಂತಿದ್ದರು. ಹಿಂದೆ ಹಣ್ಣಿನ ಬುಟ್ಟಿ. ಅದರ ಹಿಂದೆ ಅವರ ಅಕ್ಕನ ಮಗ ಸುನೀಲ್‌ಕುಮಾರ್, ಇಪ್ಪತ್ತೇಳರವನು, ಕ್ಯಾಪ್ಸಿಕಂ ಬೆಳೆಯುವವನು, ನೆಲ ನೋಡುತ್ತಿದ್ದ.

"ಕೇಳ್ಕೊಂಡು ಬಂದಿದ್ದೀವಿ" ಎಂದರು ಮೋಹನ್‌ಬಾಬು.

ಪಿಳ್ಳಪ್ಪನವರ ಕಣ್ಣು ತುಂಬಿ ಬಂತು. ಎಷ್ಟು ದಿನದಿಂದ ಆ ಮಾತಿಗಾಗಿ ಮಡಿ ಪಂಚೆ ಉಟ್ಟು ಕಾದಿದ್ದರು!

"ನನ್ನ ಮಗಳಿಗೆ ಹದಿನಾಲ್ಕು ಸಾರ್. ನಾವು ನೋಡಿದ್ದು ಸ್ಕೂಲು" ಎಂದ ಚನ್ನಕೇಶವ. ಗಟ್ಟಿಯಾಗಿಯೇ ಹೇಳಿದ. ಅಲ್ಲಿಯ ತನಕ ಅವನ ಮೇಲೆ ಯಾವ ತಪ್ಪನ್ನೂ ಹೊರಿಸುವಂತಿರಲಿಲ್ಲ, ದಡ್ಡತನವೊಂದನ್ನು ಬಿಟ್ಟು.

"ಗೊತ್ತು ಸಾರ್. ಈಗ ಮದುವೆ ಅಂತ ಯಾರಂದ್ರು? ಬರೀ ಮಾತು ಆಗಿರ್ಲಿ. ಹದಿನೆಂಟು ತುಂಬಲಿ, ಕಾನೂನು ಪ್ರಕಾರವೇ ಮಾಡಣ. ಅಲ್ಲೀಗಂಟ ಮಗು ಓದ್ಲಿ." ಮೋಹನ್‌ಬಾಬು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಮಂಡಿಕಲ್ ರೋಡ್ ಸ್ಕೂಲಿನ ಕಮಿಟೀಲಿ ನಾನಿದ್ದೀನಿ. ಸೀಟಿಲ್ಲ ಅಂದ್ರಂತೆ? ನಮ್ಮ ಮನೆ ಹುಡುಗಿಗೆ ಹೆಂಗಿಲ್ಲ ಅಂತಾರೆ? ಸೋಮವಾರ ಸ್ಕೂಲ್ ಬಸ್ಸು ನಿಮ್ಮ ಗೇಟಿಗೇ ಬರ್ತದೆ."

"ಏಮಿ ಅದೃಷ್ಟಂ!" ಎಂದು ರಾಮಲಕ್ಷ್ಮಮ್ಮನವರಿಗೆ ಸಂತೋಷದಲ್ಲಿ ತೆಲುಗೇ ಬಂದುಬಿಟ್ಟಿತು.

ಅಡುಗೆಮನೆಯಿಂದ ತನುಜ ಕರೆದಳು. "ರೀ, ಸ್ವಲ್ಪ ಒಳಗೆ ಬನ್ನಿ."

ಅವನು ಏಳಲಿಲ್ಲ. ಹಳದಿ ಬಸ್ಸೊಂದು ಅವನ ಕಣ್ಣ ಮುಂದೆ ಬಂದು ಗೇಟಿನಲ್ಲಿ ನಿಂತಿತ್ತು, ಅದರ ಮೇಲೆ ಬಿಳಿ ಕುದುರೆಯ ಚಿತ್ರವಿತ್ತು, ಅದೇ ರಸ್ತೆಯಲ್ಲಿ ಮುನೇಶ್ ಸ್ಕೂಟರಿನಲ್ಲಿ ಆಫೀಸಿಗೆ ಹೋಗುತ್ತಿದ್ದ. ಬರೀ ಮಾತು ತಾನೇ. ನಾಲ್ಕು ವರ್ಷದಲ್ಲಿ ಏನೇನೋ ಆಗುತ್ತದೆ. ಹುಡುಗಿ ಓದುತ್ತಾಳೆ. ಅವಳ ಒಳ್ಳೆಯದಕ್ಕೇ ಅಲ್ಲವೇ.

"ಬಸ್ಸು ಎಷ್ಟು ಗಂಟೆಗೆ ಬರ್ತದೆ ಸಾರ್?" ಎಂದು ಕೇಳಿದ.

ಅಲ್ಲಿಗೆ ಮಾತು ಮುಗಿದಂತಾಯಿತು. ಪಿಳ್ಳಪ್ಪನವರು ಊಟಕ್ಕೆ ಎಲೆ ಹಾಕಲು ಹೇಳಿದರು. ಚೊಂಬಿನಲ್ಲಿ ನೀರು ತಂದು ಮೋಹನ್‌ಬಾಬು ಅವರ ಕೈಗೆ ಚನ್ನಕೇಶವನೇ ಹಾಕಿದ. ಕೋಣೆಯ ಬಾಗಿಲಲ್ಲಿ ಹರಿತಾ ನಿಂತಿದ್ದಳು. ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ಅಪ್ಪ ನೀರು ಹಾಕುವುದನ್ನು ಪೂರ್ತಿ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೆಂದು ಅವನು ಅಂದುಕೊಂಡ. ಅತ್ತು ಸರಿಹೋಗುತ್ತಾಳೆ ಎಂದೂ ಅಂದುಕೊಂಡ.

ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ. ಬಂದದ್ದು ಜೀಪು. ಕವಿತ ಮೇಡಂ ಇಳಿದರು. ಅವರ ಮುಖದಲ್ಲಿ ಹೋದ ಸಲದ ಅನುಮಾನ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೇನೋ ಇತ್ತು.

"ನಮಸ್ಕಾರ ಮೇಡಂ, ಮತ್ತೆ ತಪ್ಪು ತಿಳ್ಕೊಂಡಿದ್ದಾರೆ" ಎಂದು ಚನ್ನಕೇಶವ ಕೆಳಗಿನ ಮನೆಯ ಕಡೆ ಕೈ ತೋರಿಸಿದ. "ಇವರಿಗೆ ಬೇರೆ ಕೆಲಸ ಇಲ್ಲ."

"ಈ ಸಲ ನಾನಲ್ಲ ಕಣಪ್ಪ" ಎಂದರು ಶ್ಯಾಮಲಮ್ಮ ಜಗಲಿಯಿಂದ.

"ಅವರಲ್ಲ ಸಾರ್" ಎಂದರು ಕವಿತ ಮೇಡಂ. "ಫೋನ್ ಮಾಡಿದ್ದು ನಿಮ್ಮ ಮಗಳು."

ಚನ್ನಕೇಶವ ಬಾಯಿ ತೆರೆದ. ಹೋದ ಸಲ ಹೇಳಿದ ಮಾತುಗಳೆಲ್ಲ ಇನ್ನೂ ನೆನಪಿನಲ್ಲಿದ್ದವು. ಹಿರಿಯರು ಮೇಡಂ, ಬರಿಗೈಯಲ್ಲಿ ಹೋಗಬಾರದು ಮೇಡಂ, ಸ್ಕೂಲು ಮೇಡಂ. ಒಂದೂ ಈ ಸಲ ಉಪಯೋಗಕ್ಕೆ ಬರುವಂತಿರಲಿಲ್ಲ.

ಹರಿತಾ ಮೆಟ್ಟಿಲಿಳಿದು ಬಂದಳು. ಎರಡು ಜಡೆ, ಹಳೆಯ ಸ್ಕೂಲಿನ ಯೂನಿಫಾರಂ, ಬೆನ್ನಿಗೆ ಬ್ಯಾಗು. ಅಪ್ಪನನ್ನು ದಾಟಿ ಹೋಗಿ ಜೀಪಿನ ಬಳಿ ನಿಂತು ಮೆಲ್ಲಗೆ ಕೇಳಿದಳು.

"ಮೇಡಂ, ಗೌರ್ಮೆಂಟ್ ಹೈಸ್ಕೂಲಿಗೆ ಸೇರೋಕೆ ಅಪ್ಪನ ಸಹಿ ಬೇಕೇ ಬೇಕಾ?"

ಚನ್ನಕೇಶವ ಒಂದನೇ ಕ್ಲಾಸಿನಿಂದಲೂ ಅವಳ ಪ್ರತಿಯೊಂದು ಪ್ರೋಗ್ರೆಸ್ ಕಾರ್ಡಿಗೂ ತಾನೇ ಸಹಿ ಹಾಕಿದವನು. ಅವಳು ಅಂಗಳದಿಂದಲೇ ಕಾರ್ಡು ಹಿಡಿದು ಓಡಿ ಬರುತ್ತಿದ್ದಳು. ಕೈ ಜೇಬಿನ ಪೆನ್ನಿಗೆ ಹೋಯಿತು. ಆ ಪೆನ್ನನ್ನು ಯಾರೂ ಕೇಳಿರಲಿಲ್ಲ.

"ಅಮ್ಮಂದಾದ್ರೂ ಆಗ್ತದೆ ಪುಟ್ಟಾ" ಎಂದರು ಕವಿತ ಮೇಡಂ.

ತನುಜ ಆಗಲೇ ಮೆಟ್ಟಿಲ ಕೆಳಗೆ ನಿಂತಿದ್ದಳು. ಚಪ್ಪಲಿ ಮೆಟ್ಟಿದ್ದಳು, ಬೀರುವಿನಿಂದ ಟಿಸಿ ತೆಗೆದು ಕವರಿಗೆ ಹಾಕಿಕೊಂಡಿದ್ದಳು. ಯಾರನ್ನೂ ನೋಡದೆ ಬಂದು ಮಗಳ ಪಕ್ಕ ಜೀಪು ಹತ್ತಿದಳು.

"ತನುಜಾ, ಇರು, ನಾನೂ ಬರ್ತೀನಿ" ಎಂದು ಚನ್ನಕೇಶವ ಗೇಟು ದಾಟಿ ಬಂದ.

ತನುಜ ಒಳಗಿನಿಂದ ಬಾಗಿಲು ಎಳೆದುಕೊಂಡಳು.

"ನೀವು ಆಫೀಸಿಗೆ ಹೋಗ್ರೀ" ಎಂದಳು. "ಟೈಮಾಯ್ತು."